ಮಿಡತೆ ಕೇಳಿದಳು

ಹೊಟ್ಟೆನೋವು ಎಂದು ಮೊಮ್ಮಗಳು ಹೇಳಿದಾಗ ಅದು ಹೊಟ್ಟೆನೋವಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಮತ್ತೇನೆಂಬುದು ಗೊತ್ತಿದ್ದದ್ದು ಅಜ್ಜಿಯೊಬ್ಬಳಿಗೆ. ಸೊಸೆ ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಫೋನು ಹಿಡಿದುಕೊಂಡು ಹುಡುಗಿಯ ಹೊಟ್ಟೆಯನ್ನು ಮೊಣಕೈಯಿಂದಲೇ ಒತ್ತಿ ನೋಡಿ, "ಇಲ್ಲಿ ನೋವಾ? ಇಲ್ಲಿ? ಎಲ್ಲಾ ಕಡೆ ನೋವು ಅಂದ್ರೆ ಎಲ್ಲೂ ನೋವಿಲ್ಲ ಅಂತ ಅರ್ಥ," ಎಂದು ತೀರ್ಪು ಕೊಟ್ಟಳು. ಮಗ ಶೂ ಲೇಸು ಕಟ್ಟುತ್ತ ತಲೆಯೆತ್ತದೆ, "ಹೊಟ್ಟೆನೋವೂ ಇವತ್ತೇ ಬರಬೇಕಿತ್ತಾ? ನಿಮ್ಮಜ್ಜಿ ಇವತ್ತು ನಿಮ್ಮ ಸ್ಕೂಲಿಗೆ ಬರ್ತಾ ಇದಾರೆ. ಯಾರ ಅಜ್ಜಿ ಪುಸ್ತಕ ಬರೀತಾರೆ ಹೇಳು ನೋಡೋಣ?" ಎಂದ. ಹುಡುಗಿ ಬ್ರೆಡ್ಡಿನ ಅಂಚನ್ನು ಕಿತ್ತು ಕಿತ್ತು ತಟ್ಟೆಯ ಸುತ್ತ ಬೇಲಿ ಕಟ್ಟುತ್ತಿದ್ದಳು. ಅಜ್ಜಿ ಒಲೆಯ ಮುಂದೆ ನಿಂತು ಹಾಲು ಕಾಯುವುದನ್ನೇ ನೋಡುತ್ತಿದ್ದಳು. ಮನೆಯವರಿಗೆ ಬೆನ್ನು ತಿರುಗಿಸಿ ನಿಲ್ಲುವುದಕ್ಕೆ ಹಾಲಿನಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ.

ಒಂದು ಮಾತು ಸಾಕಿತ್ತು. ಇವತ್ತೊಂದು ದಿನ ಮನೆಯಲ್ಲೇ ಇರಲಿ ಬಿಡು ಎಂದು ಆಕೆ ಅಂದಿದ್ದರೆ ಸೊಸೆ ಒಂದಿಷ್ಟು ಗೊಣಗಿ ಸುಮ್ಮನಾಗುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದು ಕೂತೂ ಇತ್ತು. ಆದರೆ ಯಾಕೆ ಎಂದು ಸೊಸೆ ಕೇಳಿಬಿಟ್ಟರೆ? ಆ ಯಾಕೆಯ ಬಾಲ ಹಿಡಿದು ಎಳೆದರೆ ಒಂದೊಂದಾಗಿ ಎಲ್ಲ ಹೊರಗೆ ಬರುತ್ತದೆ, ಹಾಗಾಗಿ ಸುಮ್ಮನಿದ್ದೇನೆ ಎಂದು ಆಕೆ ತನಗೆ ತಾನೇ ಹೇಳಿಕೊಂಡಳು. ಅದೂ ಅರ್ಧ ಸತ್ಯ. ನಿಜವಾದ ಕಾರಣ ಇನ್ನೂ ಹೇಸಿಗೆಯದು: ತಾನು ಸ್ಕೂಲಿನ ಆ ಪುಟ್ಟ ಕುರ್ಚಿಗಳ ಮುಂದೆ ಕೂತು ತನ್ನ ಪುಸ್ತಕ ಓದುವುದನ್ನು, ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುವುದನ್ನು ಈ ಹುಡುಗಿ ನೋಡಲಿ ಎಂಬ ಆಸೆ. ಯಾರಿಂದ ಆ ಪುಸ್ತಕ ಹುಟ್ಟಿತೋ ಅವಳೇ ಎದುರಿಗಿಲ್ಲದಿದ್ದರೆ ಓದಿ ಏನು ಬಂತು? ಹಾಲು ಉಕ್ಕಿತು. "ಅತ್ತೆ!" ಎಂದಳು ಸೊಸೆ. ಆಕೆ ಬೆಂಕಿ ಆರಿಸಿ, ಚೆಲ್ಲಿದ್ದನ್ನು ಒರೆಸುತ್ತ, "ಹೋಗೋಣ ನಡಿಯೇ, ನಾನೂ ಜೊತೆಗೆ ಬರ್ತೀನಲ್ಲ," ಎಂದುಬಿಟ್ಟಳು. ಹುಡುಗಿ ತಲೆಯೆತ್ತಿ ಒಂದು ಸಲ ನೋಡಿದಳು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

ಈ ವಯಸ್ಸಿನಲ್ಲಿ ಬೇರೆಯವರು ಮಂಡಿಗೆ ಹಚ್ಚುವ ಎಣ್ಣೆ ಹುಡುಕುತ್ತಿರುತ್ತಾರೆ. ಆಕೆ ಮಕ್ಕಳ ಪುಸ್ತಕ ಬರೆಯಲು ಕೂತಳು. ಅದಕ್ಕೆ ಮುಂಚೆ ಊರಿಗೆ ನೀರು ಬಿಡುವ ಕಚೇರಿಯ ಪ್ರಯೋಗಾಲಯದಲ್ಲಿ ಕೂದಲು ಬೆಳ್ಳಗಾಗುವ ತನಕ ಕೆಲಸ. ಬೇರೆ ಬೇರೆ ಬೀದಿಗಳಿಂದ ಬಂದ ಬಾಟಲಿಗಳು, ಒಂದೊಂದಕ್ಕೂ ಎರಡು ಹನಿ ದ್ರಾವಣ, ಕುಲುಕು, ಬೆಳಕಿಗೆ ಹಿಡಿ, ಕ್ಲೋರಿನ್ ಇದ್ದರೆ ಬರುವ ತೆಳು ಹಳದಿ ಬಂತೇ ಇಲ್ಲವೇ ನೋಡು. ಬಂದರೆ ಕುಡಿಯಬಹುದು. ಬಾರದಿದ್ದರೆ ಮೇಲಿನವರಿಗೆ ತಿಳಿಸು. ಆ ಕೆಲಸದಲ್ಲಿ ಆಕೆಯ ಹತ್ತಿರ ವರದಿ ಕೇಳಿದವರುಂಟು, ಪ್ರಶ್ನೆ ಕೇಳಿದವರಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆ ಒಂದು ದಿನ, ಸ್ನಾನದ ಮನೆಯ ಜಾಲರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಮೊಮ್ಮಗಳು, "ಈ ನೀರು ಎಲ್ಲಿಗೆ ಹೋಗುತ್ತೆ?" ಎಂದಳು. ಆಕೆ ಹೇಳಿದಳು. "ಅಲ್ಲಿಂದ?" ಅದನ್ನೂ ಹೇಳಿದಳು. "ಅಲ್ಲಿಂದ?" ಮೈ ಒರೆಸಿಕೊಳ್ಳದೆ ಹುಡುಗಿಗೆ ನೆಗಡಿಯಾಯಿತು, ಸೊಸೆಯಿಂದ ಇಬ್ಬರಿಗೂ ಬೈಗುಳ ಸಿಕ್ಕಿತು, ಆದರೆ ನೀರು ಅಷ್ಟು ಹೊತ್ತಿಗೆ ಸಮುದ್ರ ಮುಟ್ಟಿ ಮೋಡವಾಗಿ ವಾಪಸು ಹೊರಟಿತ್ತು. ಜೀವಮಾನದಲ್ಲಿ ಅಷ್ಟು ಖುಷಿಯಾಗಿ ಆಕೆ ಯಾವತ್ತೂ ಮಾತಾಡಿರಲಿಲ್ಲ.

ನೀರಿನ ಬಗ್ಗೆ ಆಕೆ ಮೊದಲು ಬರೆದು ಕಳಿಸಿದ್ದು ಕಳಿಸಿದಷ್ಟೇ ಬೇಗ ವಾಪಸು ಬಂತು. ಪ್ರಕಾಶನದ ಸಂಪಾದಕಿ, ಆಕೆಗೆ ಮಗಳಾಗುವ ವಯಸ್ಸಿನವಳು, ಫೋನಿನಲ್ಲಿ ಮೆತ್ತಗೆ, "ಮೇಡಂ, ವಿಷಯ ಎಲ್ಲಾ ಸರಿಯಾಗಿದೆ. ಓದಿದ್ರೆ ಮಾತ್ರ ನೀರಿನ ಬಿಲ್ಲು ಓದಿದ ಹಾಗಿದೆ," ಎಂದು ತಾನೇ ನಕ್ಕಳು. ಆಮೇಲೆ ಹೇಳಿದಳು: "ಮಕ್ಕಳಿಗೆ ಅಂತ ಬರೀಬೇಡಿ. ಒಂದು ಮಗೂಗೆ ಅಂತ ಬರೀರಿ." ಆಕೆಗೆ ಹುಡುಕಬೇಕಾಗಲಿಲ್ಲ. ಮಗು ಆ ಹೊತ್ತಿಗೆ ಸೋಫಾದಿಂದ ನೆಲಕ್ಕೆ, ನೆಲದಿಂದ ಸೋಫಾಕ್ಕೆ ಹಾರುತ್ತಿತ್ತು. ಉದ್ದುದ್ದ ಕಾಲಿನ ಆ ಹಾರಾಟಕ್ಕೇ ಆಕೆ ಅವಳನ್ನು ಮಿಡತೆ ಎಂದು ಕರೆಯುತ್ತಿದ್ದದ್ದು. ಆಕೆ ಹೊಸ ಹಾಳೆಯ ಮೇಲೆ 'ಮಿಡತೆ ಕೇಳಿದಳು' ಎಂದು ಬರೆದಳು. ಮುಂದಿನದು ಇಳಿಜಾರಿನಲ್ಲಿ ನೀರು ಹರಿದಂತೆ ಹರಿಯಿತು. ಮಿಡತೆ ಕೇಳಿದಳು: ಬೆವರು ಯಾಕೆ ಉಪ್ಪು? ಮಿಡತೆ ಕೇಳಿದಳು: ಮೀನಿಗೆ ಬಾಯಾರುತ್ತಾ? ಮಧ್ಯದಲ್ಲಿ ಒಮ್ಮೆ, ಯಾಕೋ ಮನಸ್ಸು ಅಳುಕಿ, ಮಿಡತೆಯನ್ನು ತೆಗೆದು ಬೇರೊಂದು ಹೆಸರು ಹಾಕಿ ನೋಡಿದಳು. ಇಡೀ ಮಧ್ಯಾಹ್ನ ಹಾಕಿ ನೋಡಿದಳು. ಪ್ರಶ್ನೆಗಳೆಲ್ಲ ಬಾಯಿಪಾಠ ಒಪ್ಪಿಸಿದ ಹಾಗೆ ಸಪ್ಪೆಯಾದವು. ಸಂಜೆಯಾಗುವುದರೊಳಗೆ ಮಿಡತೆಯನ್ನೇ ವಾಪಸು ಕರೆತಂದಳು.

ಸ್ಕೂಲಿಗೆ ಹೋಗುವ ದಾರಿಯಲ್ಲಿ ಇಬ್ಬರ ನಡುವೆ ಮಾತಿಲ್ಲ. ಮುಂಚೆ ಆಗಿದ್ದರೆ ಈ ದಾರಿ ಮುಗಿಯುತ್ತಲೇ ಇರಲಿಲ್ಲ; ಚರಂಡಿಯ ಮುಚ್ಚಳ ಯಾಕೆ ದುಂಡಗಿದೆ ಎಂಬಲ್ಲಿ ಒಂದು ನಿಲುಗಡೆ, ಕಂಬದ ಮೇಲಿನ ಹಕ್ಕಿಗೆ ಶಾಕ್ ಹೊಡೆಯುವುದಿಲ್ಲವೇ ಎಂಬಲ್ಲಿ ಇನ್ನೊಂದು. ಈಗ ಹುಡುಗಿ ಚೀಲದ ಪಟ್ಟಿಯೊಳಗೆ ಎರಡೂ ಹೆಬ್ಬೆರಳು ಸಿಕ್ಕಿಸಿಕೊಂಡು, ಕೈ ಹಿಡಿಯಲು ಬಾರದಂತೆ ಮಾಡಿಕೊಂಡು, ಒಂದು ಹೆಜ್ಜೆ ಮುಂದೆ ನಡೆಯುತ್ತಿದ್ದಳು. ಆಕೆ ಇಸ್ತ್ರಿ ಮಾಡಿದ ನೀಲಿ ಬಟ್ಟೆ ಹಾಕಿಕೊಂಡಿದ್ದಳು. ಇಸ್ತ್ರಿ ಮಾಡುವಾಗ ತೋಳಿನ ಮಡಿಕೆಯನ್ನು ಎರಡೆರಡು ಸಲ ತೀಡಿದ್ದು ನೆನಪಾಗಿ ನಾಚಿಕೆಯಾಯಿತು. ರಸ್ತೆ ಬದಿಯ ಅಂಗಡಿಯ ಗಾಜಿನಲ್ಲಿ ಇಬ್ಬರೂ ಕಾಣಿಸಿದರು: ಮದುವೆಗೆ ಹೊರಟಂತಿರುವ ಮುದುಕಿ, ಶಿಕ್ಷೆಗೆ ಹೊರಟಂತಿರುವ ಹುಡುಗಿ. ಆಕೆ ಬೇಗ ಮುಖ ತಿರುಗಿಸಿಕೊಂಡಳು.

ಇಬ್ಬರ ನಡುವಿನ ಈ ಮೌನದ ಬೇರು ಇದ್ದದ್ದು ಬೆಳಗಿನ ಜಾವಗಳಲ್ಲಿ. ಯಾರೂ ಎದ್ದಿರದ ಹೊತ್ತಿಗೆ ಹುಡುಗಿ ಬಂದು ಆಕೆಯ ಹಾಸಿಗೆಯ ಪಕ್ಕ ಸುಮ್ಮನೆ ನಿಲ್ಲುತ್ತಿದ್ದಳು. ಕರೆಯುತ್ತಿರಲಿಲ್ಲ, ನಿಲ್ಲುತ್ತಿದ್ದಳು. ಆಕೆಗೆ ಎಚ್ಚರವಾಗುತ್ತಿತ್ತು. ಇಬ್ಬರೂ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಹುಡುಗಿಯ ಹಾಸಿಗೆಯ ಒದ್ದೆ ಹೊದಿಕೆ ಎಳೆದು, ಹೊಸದು ಹಾಸಿ, ಹಳೆಯದನ್ನು ವಾಷಿಂಗ್ ಮೆಷಿನ್ನಿಗೆ ತುರುಕಿ, ಅದರ ಮುಂದೆ ನೆಲದ ಮೇಲೆ ಕೂರುತ್ತಿದ್ದರು. ಸೊಸೆ ಎದ್ದು ಕೇಳಿದರೆ ಅಜ್ಜಿ ನೀರಿನ ಲೋಟ ಬೀಳಿಸಿದ್ದು ಎಂಬುದು ಇಬ್ಬರ ಉತ್ತರ. ಪಾಪ, ಸೊಸೆ ಕೆಟ್ಟವಳಲ್ಲ. ಆ ಸಮಸ್ಯೆ ಮಗಳಿಗೆ ಯಾವತ್ತೋ ವಾಸಿಯಾಯಿತೆಂದು ನಂಬಿ, ಅತ್ತೆಯ ಕೈ ನಡುಗುತ್ತದೆ ಎಂದು ಮುಚ್ಚಳವಿರುವ ಬಾಟಲಿಯೊಂದನ್ನು ತಂದುಕೊಟ್ಟಿದ್ದಳು. ಆಮೇಲೆ ಅಜ್ಜಿ ಮೊಮ್ಮಗಳು ಬೇರೆ ಸುಳ್ಳು ಹುಡುಕಬೇಕಾಗಿ ಬಂದು, ಮೆಷಿನ್ನಿನ ಮುಂದೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದೂ ಉಂಟು. ಹಾಗೆ ಕೂತಿದ್ದಾಗಲೇ ಒಂದು ದಿನ, ಗಾಜಿನೊಳಗೆ ಸುತ್ತುತ್ತಿದ್ದ ಹೊದಿಕೆಯನ್ನು ನೋಡುತ್ತ ಹುಡುಗಿ ಪಿಸುಮಾತಿನಲ್ಲಿ ಕೇಳಿದಳು: "ಅಜ್ಜಿ, ನಿದ್ದೇಲಿ ನಾನು ನೋಡ್ತಾ ಇಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ?"

ಯಾವ ಅಜ್ಜಿಗಾದರೂ ಕರುಳು ಚುರುಕ್ಕೆನ್ನಬೇಕಿತ್ತು. ಆಕೆಗೂ ಅಂದಿತು, ಆದರೆ ಎರಡನೆಯದಾಗಿ. ಮೊದಲು ಆದದ್ದು ಖುಷಿ. ಸಿಕ್ಕಿತು ಎಂಬ ಖುಷಿ. ಹುಡುಗಿಯ ತಲೆ ತನ್ನ ತೋಳಿಗೆ ಒರಗಿತ್ತು, ಕೂದಲಿನಿಂದ ನಿದ್ದೆಯ ವಾಸನೆ ಬರುತ್ತಿತ್ತು, ಆಕೆ ಅದನ್ನು ಸವರುತ್ತಲೇ ಆ ಪ್ರಶ್ನೆ ಪುಸ್ತಕದಲ್ಲಿ ಎಲ್ಲಿ ಕೂರಬೇಕು, ಅದರ ಕೆಳಗೆ ಮೊದಲ ಸಾಲು ಯಾವುದು ಎಂದು ಲೆಕ್ಕ ಹಾಕಿ ಮುಗಿಸಿದ್ದಳು. ಈ ಕೈ ಸವರುತ್ತಿತ್ತು, ತಲೆ ಕದಿಯುತ್ತಿತ್ತು. ಆ ಬೆಳಿಗ್ಗೆಯನ್ನು ನೆನೆದಾಗಲೆಲ್ಲ ಆಕೆಗೆ ತನ್ನ ಕೈಯನ್ನೇ ನೋಡಲು ಮನಸ್ಸಾಗುವುದಿಲ್ಲ.

ಅಧ್ಯಾಯ ಚೆನ್ನಾಗಿ ಬಂತು. ಚೆನ್ನಾಗಿ ಬಂದದ್ದೇ ಆಕೆಗೆ ಬಂದ ಗ್ರಹಚಾರ. ಹೊಟ್ಟೆಯ ಕೆಳಗೊಂದು ಪುಟ್ಟ ಟ್ಯಾಂಕ್ ಇದೆ, ತುಂಬಿದಾಗ ಅದು ಗಂಟೆ ಬಾರಿಸುತ್ತದೆ, ಹಗಲಲ್ಲಿ ನಿನಗೆ ಕೇಳಿಸುತ್ತದೆ, ಕೆಲವು ಮಕ್ಕಳ ನಿದ್ದೆ ಎಷ್ಟು ಗಟ್ಟಿಯೆಂದರೆ ಗಂಟೆ ಬಾರಿಸಿ ಬಾರಿಸಿ ಸೋತುಹೋಗುತ್ತದೆ. ಇದು ತಪ್ಪಲ್ಲ, ಸೋಮಾರಿತನವಲ್ಲ, ಯಾರೂ ಬೇಕೆಂದು ಮಾಡುವುದಲ್ಲ. ಕೊನೆಗೆ, ಇದು ಸಾಮಾನ್ಯವಾಗಿ ತಾನಾಗಿಯೇ ನಿಂತುಹೋಗುತ್ತದೆ ಎಂದು ಬರೆದಿದ್ದಳು. ಆ ಸಾಮಾನ್ಯವಾಗಿ ಎಂಬ ಮಾತಿನ ಮೇಲೆ ಪೆನ್ನು ನಿಂತಿತು. ಪ್ರಯೋಗಾಲಯದಲ್ಲಿದ್ದಾಗ ಬಣ್ಣ ಕಾಣದೆ ಯಾವ ಬಾಟಲಿಯನ್ನೂ ಕುಡಿಯಬಹುದು ಎಂದು ದಾಟಿಸಿದವಳಲ್ಲ ಆಕೆ. ಆದರೆ ಆ ಸಾಲನ್ನು ಓದುವ ಮುಖ ಕಣ್ಣಮುಂದಿತ್ತು. ಆ ಮಾತನ್ನು ಹೊಡೆದು ಹಾಕಿದಳು. ಇದು ತಾನಾಗಿಯೇ ನಿಂತುಹೋಗುತ್ತದೆ. ಸಂಪಾದಕಿ ಓದಿದ ಕೂಡಲೇ ಫೋನು ಮಾಡಿದಳು. "ಇದು ಪುಸ್ತಕದ ಜೀವ, ಮೇಡಂ," ಎಂದಳು. ಆಮೇಲೆ, "ಈ ಮಗು ನಿಜವಾಗ್ಲೂ ಇದಾಳಾ? ಅವಳನ್ನ ಕೇಳಿದೀರಾ ತಾನೇ?" ಎಂದಳು. "ಹೂಂ, ಕೇಳಿದೀನಿ," ಎಂದು ಆಕೆ ಹೇಳಿದ್ದು ಎಷ್ಟು ಸಲೀಸಾಗಿ ಬಂತೆಂದರೆ, ಫೋನಿಟ್ಟ ಮೇಲೆ ತಾನು ಕೇಳಿಯೇ ಇದ್ದೇನೆ ಎಂದು ಆಕೆಗೂ ಅನ್ನಿಸಿತು.

ಪುಸ್ತಕ ಬಂದಾಗ ಮಗ ಅದನ್ನು ಆಫೀಸಿಗೆಲ್ಲ ಹೊತ್ತುಕೊಂಡು ಹೋದ. ಸೊಸೆ ಪೂರ್ತಿ ಓದಿ, "ಉಳಿದದ್ದೆಲ್ಲಾ ನಮ್ಮವಳು ಕೇಳಿದ್ದೇ, ಗೊತ್ತಾಗುತ್ತೆ. ಆ ಹಾಸಿಗೆ ಒದ್ದೆ ಆಗೋದು ಮಾತ್ರ ಸಖತ್ ಕಲ್ಪಿಸಿದೀರಿ ಅತ್ತೆ," ಎಂದಳು. ಹುಡುಗಿ ಪಕ್ಕದಲ್ಲೇ ಇದ್ದಳು. ಅಜ್ಜಿಯ ಮುಖ ನೋಡಿದಳು. ಆಕೆ ನಕ್ಕಳು. ಆ ನಗೆಯನ್ನು ಹುಡುಗಿ ಒಪ್ಪಂದವೆಂದು ತಿಳಿದಳೋ, ಮೋಸವೆಂದು ತಿಳಿದಳೋ, ಆಕೆಗೆ ಇವತ್ತಿಗೂ ಗೊತ್ತಿಲ್ಲ.

ಮನೆಯವರು ಕಲ್ಪನೆ ಎಂದುಕೊಂಡದ್ದನ್ನು ಸ್ಕೂಲಿನ ಮಕ್ಕಳು ನಿಜವೆಂದು ಕಂಡುಹಿಡಿದರು. ಕಂಡುಹಿಡಿಯುವುದು ಕಷ್ಟವೇನಿರಲಿಲ್ಲ. ಗೇಟಿನ ಆಚೆ ರಸ್ತೆಯಿಂದ ದಿನಾ ಮಧ್ಯಾಹ್ನ ಗಂಟಲು ಹರಿಯುವಂತೆ "ಮಿಡತೇ!" ಎಂದು ಕೂಗುತ್ತಿದ್ದವಳು ಆಕೆಯೇ. ಒಂದು ದಿನ ಕೂಗಲು ಬಾಯಿ ತೆರೆದವಳಿಗೆ ಗೇಟಿನೊಳಗಿಂದ ಬೇರೆ ಕೂಗು ಕೇಳಿಸಿತು. "ಟ್ಯಾಂಕ್! ಏ ಟ್ಯಾಂಕ್! ಗಂಟೆ ಬಾರಿಸ್ತಾ?" ಹುಡುಗಿ ಮಧ್ಯದಲ್ಲಿ ನಿಂತಿದ್ದಳು, ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ನೆಲ ನೋಡುತ್ತ. ಆಕೆ ಏನು ಮಾಡಿದಳು? ಅಲ್ಲಿ ನಿಂತಿದ್ದ ಸ್ಕೂಲಿನ ವ್ಯಾನಿನ ಹಿಂದಕ್ಕೆ ಸರಿದಳು. ಗದ್ದಲ ಕರಗುವವರೆಗೆ ಅದರ ಬಿಸಿ ತಗಡಿಗೆ ಬೆನ್ನು ಕೊಟ್ಟು ನಿಂತು, ಆಮೇಲೆ ಈಗಷ್ಟೇ ಬಂದವಳ ಹಾಗೆ, "ತಡ ಆಯ್ತೇನೇ?" ಎಂದು ಬಂದಳು. ಹುಡುಗಿ ಹೇಳಿದ್ದು ಒಂದೇ: "ಅಜ್ಜಿ, ಇನ್ಮೇಲೆ ಗೇಟ್ ಹತ್ರ ನನ್ನ ಕೂಗಬೇಡ." ಅವತ್ತಿನಿಂದ ಪ್ರಶ್ನೆಗಳು ನಿಂತವು. ನಲ್ಲಿ ಕಟ್ಟಿದ ಹಾಗೆ ನಿಂತವು. ಬೆಳಗಿನ ಜಾವ ಹಾಸಿಗೆಯ ಪಕ್ಕ ಯಾರೂ ಬಂದು ನಿಲ್ಲುವುದಿಲ್ಲ. ಕೆಲವು ದಿನ ಮೆಷಿನ್ನಿನ ಸದ್ದು ಮಾತ್ರ ಕೇಳಿಸುತ್ತದೆ, ಅದರ ಬಾಗಿಲನ್ನು ಸದ್ದಾಗದಂತೆ ಒತ್ತಿ ಹಿಡಿಯುವ ಪುಟ್ಟ ಕೈಯನ್ನು ಊಹಿಸಿಕೊಳ್ಳುತ್ತ ಆಕೆ ಕಣ್ಣು ಮುಚ್ಚಿಕೊಂಡು ಮಲಗಿರುತ್ತಾಳೆ. ಎದ್ದು ಹೋಗಬಹುದು. ಹೋದರೆ ಕ್ಷಮೆ ಕೇಳಬೇಕಾಗುತ್ತದೆ.

ನಿನ್ನೆ ಸಂಪಾದಕಿ ಫೋನು ಮಾಡಿದ್ದಳು. ಎರಡನೇ ಮುದ್ರಣವಂತೆ. "ಏನಾದ್ರೂ ತಿದ್ದೋದಿದ್ರೆ ನಾಳೆ ಸಂಜೆಯೊಳಗೆ ಹೇಳಿಬಿಡಿ ಮೇಡಂ. ಟ್ಯಾಂಕ್ ಅಧ್ಯಾಯ ಮಾತ್ರ ಮುಟ್ಟಬೇಡಿ, ಆಯ್ತಾ? ಮೊನ್ನೆ ಒಬ್ಬ ತಾಯಿ ಬಂದಿದ್ರು, ಅದನ್ನ ಓದಿದ ಮೇಲೆ ನನ್ನ ಮಗ ರಾತ್ರಿ ಅಳೋದು ನಿಲ್ಲಿಸಿದ ಅಂತ ಕೈ ಹಿಡ್ಕೊಂಡು ಹೇಳಿದ್ರು." ಎಲ್ಲೋ ಯಾರದೋ ಮಗ ಅಳುವುದು ನಿಲ್ಲಿಸಿದ್ದಾನೆ. ಆ ಮಗುವನ್ನು ತಕ್ಕಡಿಯ ಒಂದು ಕಡೆ ಇಟ್ಟುಕೊಂಡು ಆಕೆ ನಿನ್ನೆಯಿಂದ ಸಮಾಧಾನ ಮಾಡಿಕೊಳ್ಳಲು ನೋಡುತ್ತಿದ್ದಾಳೆ. ಆಗುತ್ತಿಲ್ಲ. ಇನ್ನೊಂದು ಕಡೆ ಕೂತಿರುವವಳ ಭಾರ ಗೊತ್ತಿರುವುದರಿಂದ ಆಗುತ್ತಿಲ್ಲ.

ಸ್ಕೂಲಿನ ಲೈಬ್ರರಿ ತರಗತಿಯ ಅರ್ಧದಷ್ಟಿತ್ತು. ಮೇಲಿನಿಂದ ದಾರ ಕಟ್ಟಿ ಕಾಗದದ ಮೀನುಗಳನ್ನು ಇಳಿಬಿಟ್ಟಿದ್ದರು, ಫ್ಯಾನು ತಿರುಗಿದಾಗಲೆಲ್ಲ ಅವು ಒಂದೇ ಕಡೆಗೆ ಓಡುತ್ತಿದ್ದವು. ಆಕೆಗೆ ಕೂರಲು ಕೊಟ್ಟದ್ದು ಮಕ್ಕಳ ಕುರ್ಚಿ. ಮಂಡಿ ಎದೆಗೆ ಬಂತು, ಇಸ್ತ್ರಿ ಹಾಳಾಯಿತು. ಲೈಬ್ರರಿ ಮಿಸ್ ಚುರುಕಿನ ಹೆಂಗಸು, "ನೋಡಿ ಮಕ್ಕಳೇ, ಇವರು ನಮ್ಮ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಸ್ವಂತ ಅಜ್ಜಿ! ಎಲ್ಲಿದಾಳೆ ಅವಳು? ಅಲ್ಲಿ ಹಿಂದೆ ಯಾಕಮ್ಮಾ ಕೂತೆ, ಮುಂದೆ ಬಾ," ಎಂದಳು. ಹುಡುಗಿ ಗ್ಲೋಬಿನ ಹಿಂದೆ ಕೂತಿದ್ದವಳು ಏಳಲಿಲ್ಲ. ಮಿಸ್ ನಕ್ಕು, "ನಾಚಿಕೆ," ಎಂದು ವಿವರಿಸಿದಳು. ಮಕ್ಕಳಲ್ಲಿ ಒಂದು ಕಿಸಕ್ ನಗೆ ಎದ್ದು, ಸಾಲಿನಿಂದ ಸಾಲಿಗೆ ಹಾದು, ಗ್ಲೋಬಿನ ತನಕ ಹೋಗಿ ನಿಂತಿತು.

ಆಕೆ ಬೆವರಿನ ಅಧ್ಯಾಯ ತೆಗೆದಳು. ಒಂದು ಪುಟ ಓದುವುದರೊಳಗೆ ಮುಂದಿನ ಸಾಲಿನಲ್ಲಿ ಯಾರೋ, "ಟ್ಯಾಂಕ್," ಎಂದರು. ಇನ್ಯಾರೋ, "ಟ್ಯಾಂಕ್ ಓದಿ, ಟ್ಯಾಂಕ್!" ಎಂದರು. ಮಿಸ್ ಖುಷಿಯಿಂದ, "ಎಲ್ಲರಿಗೂ ಅದೇ ಬೇಕಂತೆ ಮೇಡಂ, ಇಲ್ಲಿ ಆ ಪುಟ ಹರಿದು ಹೋಗೋ ಅಷ್ಟು ಓದಿದಾರೆ," ಎಂದಳು. ಆಕೆ ಪುಟ ತಿರುವಿದಳು. ಬೆರಳು ಪುಟಕ್ಕೆ ಅಂಟಿಕೊಂಡಿತು. ತಲೆಯೆತ್ತದೆ ಮೊದಲ ಸಾಲು ಓದಿದಳು: "ಮಿಡತೆ ಕೇಳಿದಳು, ನಿದ್ದೆಯಲ್ಲಿ ನಾನು ನೋಡುತ್ತಿಲ್ಲ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ?" ಮೆಷಿನ್ನಿನ ಮುಂದೆ ಪಿಸುಮಾತಾಗಿದ್ದದ್ದು ಈ ಕೋಣೆಯಲ್ಲಿ ದೊಡ್ಡದಾಗಿ, ಸ್ಪಷ್ಟವಾಗಿ, ಉಚ್ಚಾರ ಶುದ್ಧವಾಗಿ ಕೇಳಿಸಿತು. ಆಗ ಕನ್ನಡಕ ಹಾಕಿದ್ದ ಒಂದು ಹುಡುಗಿ ಎದ್ದು ನಿಂತು, ಕೈ ಕಟ್ಟಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದಳು: "ಅಜ್ಜಿ, ಮಿಡತೆ ಅಂದ್ರೆ ಇವಳೇ ಅಲ್ವಾ?"

ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಗ್ಲೋಬಿನ ಪಕ್ಕದಿಂದ ಒಂದು ಕಿವಿ, ಅರ್ಧ ಜಡೆ ಕಾಣುತ್ತಿತ್ತು. ಕಿವಿ ಕೆಂಪಗಾಗಿತ್ತು. ಆಕೆ ಪುಸ್ತಕ ಮುಚ್ಚಿದಳು. ಇದರಲ್ಲಿರುವುದೆಲ್ಲ ನಿಜ, ಒಂದು ಸುಳ್ಳೂ ಇಲ್ಲ ಎಂದು ಆ ಪುಸ್ತಕದ ಮೊದಲ ಪುಟದಲ್ಲೇ ಮಕ್ಕಳಿಗೆ ಮಾತು ಕೊಟ್ಟಿದ್ದಳು.

"ಅಲ್ಲ," ಎಂದಳು ಆಕೆ. "ಅದು ನಾನು."

ತಲೆಗಳು ಮುಂದಕ್ಕೆ ಬಂದವು.

"ನಾನು ಚಿಕ್ಕವಳಿದ್ದಾಗ ನನಗೇ ಮಿಡತೆ ಅಂತಿದ್ರು. ಆಮೇಲೆ ಆ ಹೆಸರನ್ನ ಮೊಮ್ಮಗಳಿಗೆ ಕೊಟ್ಟೆ. ಹಾಸಿಗೆ ಒದ್ದೆ ಮಾಡ್ತಿದ್ದವಳು ನಾನು." ಯಾರೂ ನಗಲಿಲ್ಲ. ನಗಲು ಬಾಯಿ ತೆರೆದವರೂ ಹಾಗೇ ಉಳಿದರು. ಆಕೆ ಹೇಳುತ್ತ ಹೋದಳು. ಒದ್ದೆ ಹಾಸಿಗೆಯನ್ನು ಅಮ್ಮ ಮನೆಯ ಮುಂದಿನ ಗೋಡೆಯ ಮೇಲೆ ಒಣಹಾಕುತ್ತಿದ್ದದ್ದು, ಬೀದಿಯಲ್ಲಿ ಹೋಗುವವರು ನೋಡಲಿ, ನಾಚಿಕೆ ಬಂದಾದರೂ ಬಿಡಲಿ ಎಂದು. ಅದರ ಮೇಲೆ ಮೂಡಿದ ಕಲೆ ಬಿಸಿಲಿಗೆ ಒಣಗಿದರೂ ಹೋಗದೆ ಇದ್ದದ್ದು. ಸಾಯಂಕಾಲ ನೀರು ಕುಡಿಯದೆ, ಬಾಯಾರಿಕೆಯಲ್ಲೇ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದದ್ದು. ಒಂದೊಂದು ವಿವರವೂ ಬಾಟಲಿಯಲ್ಲಿ ಹಳದಿ ಬಣ್ಣ ಬಂದ ಹಾಗೆ ನಿಚ್ಚಳವಾಗಿ ಬಂತು. ಯಾಕೆಂದರೆ ಎಲ್ಲವೂ ನಡೆದದ್ದೇ. ನಡೆದದ್ದು ಆಕೆಗಲ್ಲ, ತಮ್ಮನಿಗೆ. ಗೋಡೆಯ ಕಡೆ ತಿರುಗಿ ಮಲಗುತ್ತಿದ್ದವನು ತಮ್ಮ. ಆ ಗೋಡೆಯ ಮುಂದೆ ಗೆಳತಿಯರನ್ನು ಕರೆದು ನಿಲ್ಲಿಸಿ, ನೋಡ್ರೇ ನೋಡ್ರೇ ಎಂದು ಕಲೆಯನ್ನು ಬೆರಳು ಮಾಡಿ ತೋರಿಸುತ್ತಿದ್ದವಳು ಈ ಅಕ್ಕ. ಆ ಭಾಗವನ್ನು ಆಕೆ ಹೇಳಲಿಲ್ಲ.

"ನಿಮಗೆ ಯಾವಾಗ ನಿಂತಿತು ಅಜ್ಜಿ?" ಕನ್ನಡಕದ ಹುಡುಗಿ ಇನ್ನೂ ನಿಂತೇ ಇದ್ದಳು. ಅವಳ ದನಿಯಲ್ಲಿ ಈಗ ಬೇರೇನೋ ಇತ್ತು.

"ನಿನ್ನಷ್ಟು ದೊಡ್ಡವಳಾದಾಗ," ಎಂದಳು ಆಕೆ, ತಡವರಿಸದೆ. "ಒಂದು ದಿನ ಬೆಳಿಗ್ಗೆ ಎದ್ದೆ, ಒಣಗಿತ್ತು. ಅಷ್ಟೆ." ತಮ್ಮನಿಗೆ ಯಾವಾಗ ನಿಂತಿತೋ ಆಕೆಗೆ ಗೊತ್ತಿರಲಿಲ್ಲ. ಅವನನ್ನು ದೂರದ ಹಾಸ್ಟೆಲ್ಲಿಗೆ ಸೇರಿಸಿದಾಗ ಅವನು ಹೋಗುವುದಿಲ್ಲವೆಂದು ಬಾಗಿಲು ಹಿಡಿದುಕೊಂಡು ಅತ್ತದ್ದು ಗೊತ್ತಿತ್ತು. ಅಲ್ಲಿ ಏನಾಯಿತೆಂದು ಆಕೆ ಕೇಳಲಿಲ್ಲ, ಅವನು ಹೇಳಲಿಲ್ಲ. ಈಗ ಅವನೂ ಮುದುಕ. ಹೊಸ ವರ್ಷಕ್ಕೊಮ್ಮೆ ಫೋನು ಮಾಡಿ ಆರೋಗ್ಯ ವಿಚಾರಿಸಿ ಇಟ್ಟುಬಿಡುತ್ತಾನೆ. ಕನ್ನಡಕದ ಹುಡುಗಿ ಮೆಲ್ಲಗೆ ಕೂತಳು. ಕೂರುವಾಗ ಪಕ್ಕದವಳಿಗೂ ಕೇಳಿಸದಷ್ಟು ಸಣ್ಣಗೆ "ನಂಗೂ" ಎಂದದ್ದು, ತುಟಿ ನೋಡುತ್ತಿದ್ದ ಆಕೆಗೆ ಮಾತ್ರ ಗೊತ್ತಾಯಿತು. ಮಿಸ್ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು, ಮಕ್ಕಳೂ ತಟ್ಟಿದರು. ಮೇಲೆ ಮೀನುಗಳು ಓಡಿದವು. ಗೆದ್ದೆ ಎಂದು ಆಕೆಗೆ ಅನ್ನಿಸಿತು. ಆ ಅನ್ನಿಸಿಕೆಗೆ ತಾನೇ ಹೆದರಿ ಗ್ಲೋಬಿನ ಕಡೆ ನೋಡಿದಳು. ಹುಡುಗಿ ಈಗ ಪೂರ್ತಿ ಕಾಣುವಂತೆ ಕೂತು ಆಕೆಯನ್ನೇ ನೋಡುತ್ತಿದ್ದಳು. ಅವಳೊಬ್ಬಳೇ ಚಪ್ಪಾಳೆ ತಟ್ಟುತ್ತಿರಲಿಲ್ಲ.

ಅವತ್ತು ಅರ್ಧ ದಿನಕ್ಕೇ ಹುಡುಗಿಯನ್ನು ಕರೆದುಕೊಂಡು ಹೋಗಲು ಮಿಸ್ ಒಪ್ಪಿದಳು. ಗೇಟಿನ ಹತ್ತಿರ ಮಕ್ಕಳು, "ಬಾಯ್ ಅಜ್ಜಿ!" ಎಂದು ಕೂಗಿದರು. "ಬಾಯ್ ಮಿಡತೆ ಅಜ್ಜಿ!" ಎಂದು ಯಾರೋ ಸೇರಿಸಿದರು. ಮೊಮ್ಮಗಳನ್ನು ಯಾರೂ ಏನೂ ಅನ್ನಲಿಲ್ಲ. ಬಿಸಿಲು ನೆತ್ತಿಗೆ ಬಂದಿತ್ತು. ವ್ಯಾನು ನಿಲ್ಲುವ ಜಾಗ ದಾಟಿ, ಅಂಗಡಿಯ ಗಾಜು ದಾಟಿ ಬಂದ ಮೇಲೆ ಹುಡುಗಿ ಚೀಲದ ಪಟ್ಟಿಯಿಂದ ಒಂದು ಹೆಬ್ಬೆರಳು ಬಿಡಿಸಿಕೊಂಡು ಆಕೆಯ ಕೈ ಹಿಡಿದಳು. ಆಕೆಗೆ ಈ ಕೈಗಾಗಿ ಏನು ಬೇಕಾದರೂ ಹೇಳಬಹುದು ಅನ್ನಿಸಿತು.

"ಅಜ್ಜಿ, ನೀನು ನಿಜವಾಗ್ಲೂ ಹಾಸಿಗೆ ಒದ್ದೆ ಮಾಡ್ತಿದ್ಯಾ?"

ಎಷ್ಟು ದಿನದ ಮೇಲೆ ಒಂದು ಪ್ರಶ್ನೆ. ಆಕೆ ನಿಂತಳು. ಸುಳ್ಳನ್ನು ಇನ್ನು ನಾಲ್ಕು ಹೆಜ್ಜೆ ನಡೆಸುವುದು ಕಷ್ಟವಿರಲಿಲ್ಲ. "ಇಲ್ಲ ಕಣೆ," ಎಂದಳು.

"ಮತ್ತೆ ಅಷ್ಟೊಂದು ಹೇಳಿದ್ಯಲ್ಲ. ಗೋಡೆ, ಕಲೆ, ನೀರು ಕುಡೀದೆ ಮಲಗ್ತಿದ್ದದ್ದು?"

"ಅದು ನನ್ನ ತಮ್ಮಂದು."

"ಹೇಳ್ತೀನಿ ಅಂತ ಅವರನ್ನ ಕೇಳಿದ್ಯಾ?"

ಆಕೆ ರಸ್ತೆಯ ಕಡೆ ಮುಖ ತಿರುಗಿಸಿದಳು. ಹುಡುಗಿಗೆ ಉತ್ತರ ಬೇಕಾಗಿರಲಿಲ್ಲ. ಅವಳು ಚರಂಡಿಯ ದುಂಡು ಮುಚ್ಚಳದ ಮೇಲೆ ಎರಡೂ ಕಾಲಿಟ್ಟು ನಿಂತು ಏನೋ ಯೋಚಿಸುತ್ತಿದ್ದಳು. "ನೀನು ಸುಳ್ಳು ಹೇಳಿದ್ರೆ ಥೇಟ್ ನಿಜದ ಹಾಗೇ ಇರುತ್ತೆ," ಎಂದಳು. ಹೊಗಳಿಕೆಯಲ್ಲ, ಬೈಗುಳವೂ ಅಲ್ಲ, ಕಂಡದ್ದನ್ನು ಹೇಳಿದಳು. ಆಮೇಲೆ ಆಕೆಯ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, ಮೆಷಿನ್ನಿನ ಮುಂದೆ ಕೇಳುತ್ತಿದ್ದ ಅದೇ ಪಿಸುಮಾತಿನಲ್ಲಿ, "ತಾನಾಗೇ ನಿಂತುಹೋಗುತ್ತೆ ಅಂತ ಪುಸ್ತಕದಲ್ಲಿ ಬರ್ದಿದ್ಯಲ್ಲ," ಎಂದಳು. "ಅದೂ ಹೀಗೇನಾ?"

ಆಗ ಆಕೆಗೆ ಅರ್ಥವಾಯಿತು. ಗೇಟಿನ ಹತ್ತಿರ ಟ್ಯಾಂಕ್ ಎಂದು ಕೂಗಿದಾಗ, ಬೆಳಗಿನ ಜಾವ ಒಬ್ಬಳೇ ಮೆಷಿನ್ನಿನ ಮುಂದೆ ಕೂತಾಗ, ಈ ಹುಡುಗಿ ಕೈಬಿಡದೆ ಹಿಡಿದುಕೊಂಡಿದ್ದದ್ದು ಆ ಒಂದು ಸಾಲನ್ನು. ಅಜ್ಜಿ ಎಂಥವಳೇ ಆಗಲಿ, ಅಜ್ಜಿ ಬರೆದದ್ದು ನಿಜ ಎಂಬುದನ್ನು. ಎಲ್ಲರಿಂದ ಇವಳನ್ನು ಕಾಪಾಡಲು ಹೋಗಿ ಆಕೆ ಅದನ್ನೇ ಇವಳ ಕೈಯಿಂದ ಕಿತ್ತುಕೊಂಡಿದ್ದಳು. ಹೌದು ಅದು ನಿಜ, ಖಂಡಿತಾ ನಿಜ, ನನ್ನಾಣೆ ನಿಜ ಎಂದು ಹೇಳಬೇಕೆಂದು ಬಾಯಿ ತೆರೆದಳು. ಅದು ಥೇಟ್ ನಿಜದ ಹಾಗೇ ಕೇಳಿಸುತ್ತದೆ ಎಂದು ನೆನಪಾಗಿ ಬಾಯಿ ಮುಚ್ಚಿದಳು. ಹುಡುಗಿ ಕಾಯುತ್ತಿದ್ದಳು.

"ಸಾಮಾನ್ಯವಾಗಿ ನಿಲ್ಲುತ್ತೆ," ಎಂದಳು ಕೊನೆಗೆ.

"ಸಾಮಾನ್ಯವಾಗಿ ಅಂದ್ರೆ?"

"ಬಹಳ ಮಕ್ಕಳಿಗೆ. ಎಲ್ಲರಿಗೂ ಅಲ್ಲ. ಕೆಲವರಿಗೆ ತಡ ಆಗುತ್ತೆ, ಕೆಲವರಿಗೆ ಡಾಕ್ಟರ ಹತ್ರ ಹೋಗಬೇಕಾಗುತ್ತೆ. ನಿಂಗೆ ಯಾವಾಗ ಅಂತ ನಂಗೆ ಗೊತ್ತಿಲ್ಲ ಕಣೆ." ಆಕೆ ಹುಡುಗಿಯ ಕಡೆ ಬಗ್ಗಿದಳು. "ಆ ಮಾತು ಮೊದಲು ಬರೆದಿದ್ದೆ. ಆಮೇಲೆ ತೆಗೆದುಬಿಟ್ಟೆ."

"ಯಾಕೆ?"

"ನೀನು ಓದ್ತೀಯಲ್ಲ, ಅದಕ್ಕೆ."

ಹುಡುಗಿ ಮುಚ್ಚಳದಿಂದ ಕೆಳಗಿಳಿದಳು. ಅಳುತ್ತಾಳೆ ಎಂದು ಆಕೆ ಕಾದಳು, ಅಳಲಿಲ್ಲ. ಸ್ವಲ್ಪ ದೂರ ನಡೆದರು. ಆಮೇಲೆ ಹುಡುಗಿ, ತನಗೆ ತಾನೇ ಎಂಬಂತೆ, "ಹಾಗಾದ್ರೆ ಗಂಟೆ ಬಾರಿಸ್ತಾನೇ ಇರುತ್ತೆ, ನಾನು ದೊಡ್ಡವಳಾದ್ರೂ, ಕೇಳೋರೇ ಇಲ್ದೆ," ಎಂದಳು. ಆಕೆಯ ಕರುಳು ಹಿಂಡಿದಂತಾಯಿತು. ಈ ಸಲ ಅದೇ ಮೊದಲು ಬಂತು, ಸತ್ಯವಾಗಿಯೂ ಮೊದಲು ಬಂತು. ಸಂಜೆ ಫೋನು ಮಾಡಿ ಮಿಡತೆಯನ್ನು ತೆಗೆಸಬೇಕು, ಸಾಮಾನ್ಯವಾಗಿ ಎಂಬುದನ್ನು ಇದ್ದ ಜಾಗಕ್ಕೆ ವಾಪಸು ಹಾಕಿಸಬೇಕು, ರಾತ್ರಿಯೊಳಗೆ ತಮ್ಮನಿಗೂ ಒಂದು ಫೋನು ಮಾಡಬೇಕು ಎಂದುಕೊಂಡಳು. ಎಂದುಕೊಳ್ಳುತ್ತಿರುವಾಗಲೇ ಎಲ್ಲೋ ಹಿಂದಿನಿಂದ, ಕರೆಯದೆ, ಕೇಳದೆ, ಒಂದು ಸಾಲು ಬಂದು ಕೂತಿತು: ಗಂಟೆ ಬಾರಿಸುತ್ತಲೇ ಇರುತ್ತದೆ, ಕೇಳುವವರೇ ಇಲ್ಲದೆ. ಅದು ಅಧ್ಯಾಯದ ಕೊನೆಗೆ ಎಷ್ಟು ಚೆನ್ನಾಗಿ ಕೂರುತ್ತದೆ ಎಂಬುದನ್ನು ಆಕೆ ತಡೆಯುವ ಮೊದಲೇ ನೋಡಿಬಿಟ್ಟಳು.

"ಅಜ್ಜಿ," ಎಂದಳು ಹುಡುಗಿ, ಆಕೆಯ ಮುಖವನ್ನೇ ನೋಡುತ್ತ. "ಇದನ್ನ ಬರೀಬೇಡ."

"ಇಲ್ಲ ಕಣೆ, ಬರೆಯಲ್ಲ," ಎಂದಳು ಆಕೆ. ಅದು ಥೇಟ್ ನಿಜದ ಹಾಗೇ ಕೇಳಿಸಿತು.